ಲಂಗರಿಗೆ ತಳ ನೋಡಿ, ವಿಂಚಿಗೆ ಸುತ್ತು ಎಣಿಸಿ

ಲಂಗರು ಕೊಳ್ಳಲು ಹೋದವರು ಮೊದಲು ಅದನ್ನು ಕೈಯಲ್ಲಿ ಎತ್ತಿ ನೋಡುತ್ತಾರೆ. ಭಾರವಿದ್ದರೆ ಸಮಾಧಾನ, ಹಗುರವಿದ್ದರೆ ಅನುಮಾನ. ಹಗ್ಗ ಎಳೆದು ಲಂಗರು ಎತ್ತಲು ಕೈಯಿಂದ ತಿರುಗಿಸುವ ವಿಂಚ್ ಕೊಳ್ಳುವಾಗಲೂ ಹೀಗೆಯೇ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಕಿಲೊ ಲೆಕ್ಕ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುತ್ತೇವೆ. ನನ್ನ ಮೊದಲ ದೋಣಿಗೆ ನಾನು ಕೊಂಡದ್ದೂ ಹೀಗೆಯೇ, ಎರಡರಲ್ಲೂ ಎಡವಿದೆ. ಅದರಲ್ಲಿ ಎರಡನೆಯದು 460 ಸುತ್ತಿನ ಕಥೆ, ಮುಂದೆ ಹೇಳುತ್ತೇನೆ.

ಇಲ್ಲಿರುವ ಮಾತು ನಾಲ್ಕರಿಂದ ಏಳು ಮೀಟರ್ ಉದ್ದದ, ಒಬ್ಬರೋ ಇಬ್ಬರೋ ಹೋಗಿ ಮೀನು ಹಿಡಿಯುವ ದೋಣಿಗೆ ಸಂಬಂಧಿಸಿದ್ದು. ಕೊಳ್ಳುವ ಕ್ರಮ ಮುಖ್ಯ: ಮೊದಲು ತಳ, ಆಮೇಲೆ ಹಗ್ಗ, ಆಮೇಲೆ ಲಂಗರು, ಕೊನೆಗೆ ವಿಂಚ್. ವಿಂಚ್ ಮೊದಲು ಕೊಂಡವರು ಅದಕ್ಕೆ ಹೊಂದುವ ಹಗ್ಗ ಹುಡುಕುತ್ತಾರೆ, ಹಗ್ಗ ಮೋಟಾಗುತ್ತದೆ, ರಾತ್ರಿ ದೋಣಿ ಜಾರುತ್ತದೆ.

ತಳವನ್ನು ಕೇಳಿ ತಿಳಿಯಬೇಡಿ, ತೆಗೆದು ನೋಡಿ

ನೀವು ಹೆಚ್ಚಾಗಿ ನಿಲ್ಲುವ ಜಾಗದ ತಳ ಮರಳೋ, ಕೆಸರೋ, ಜೇಡಿಯೋ, ಬಂಡೆಯೋ? ಇದಕ್ಕೆ ಹಳೆಯ ನಾವಿಕರ ಉಪಾಯವೇ ಇಂದಿಗೂ ಅಗ್ಗ. ಒಂದು ಸೀಸದ ಗುಂಡಿನ ಅಡಿಯಲ್ಲಿ ಸಣ್ಣ ಗುಳಿ ಮಾಡಿ, ಅದರಲ್ಲಿ ಗಟ್ಟಿ ಗ್ರೀಸ್ ಮೆತ್ತಿ, ದಾರ ಕಟ್ಟಿ ತಳ ಮುಟ್ಟಿಸಿ ಎತ್ತಿ. ಮರಳಿದ್ದರೆ ಕಾಳು ಅಂಟಿಕೊಂಡು ಬರುತ್ತದೆ, ಕೆಸರಿದ್ದರೆ ಕಪ್ಪಾಗಿ ಬರುತ್ತದೆ, ಬಂಡೆಯಾದರೆ ಗ್ರೀಸ್ ಮೇಲೆ ಬರಿಯ ಗೀರು. ಅದೇ ದಾರದಲ್ಲಿ ಆಳವನ್ನೂ ಅಳೆದುಕೊಳ್ಳಬಹುದು. ನಾಲ್ಕೈದು ಜಾಗದಲ್ಲಿ ಹೀಗೆ ಮಾಡಿ ಬರೆದಿಟ್ಟುಕೊಳ್ಳಿ.

ಹಗ್ಗದ ಉದ್ದವೇ ಲಂಗರಿನ ಬಲ

ಲಂಗರು ನೆಲದಲ್ಲಿ ನಿಲ್ಲುವುದಕ್ಕೆ ತೂಕಕ್ಕಿಂತ ಹೆಚ್ಚಿನ ಕಾರಣ ಎಳೆತದ ಕೋನ. ನೆಲಕ್ಕೆ ಸಮಾಂತರವಾಗಿ ಎಳೆದರೆ ಅದು ಒಳಗೆ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಆದ್ದರಿಂದಲೇ ಆಳದ ಎಷ್ಟು ಪಟ್ಟು ಹಗ್ಗ ಬಿಡುತ್ತೀರಿ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮೂರು ಪಟ್ಟು ಬಿಟ್ಟರೆ ನೇರವಾಗಿ ಬಿಗಿದ ಹಗ್ಗ ನೆಲದೊಂದಿಗೆ 19 ಡಿಗ್ರಿಗಿಂತ ಹೆಚ್ಚಿನ ಕೋನ ಮಾಡುತ್ತದೆ. ಐದು ಪಟ್ಟಿಗೆ ಅದು ಸುಮಾರು 11.5ಕ್ಕೆ ಇಳಿಯುತ್ತದೆ, ಏಳು ಪಟ್ಟಿಗೆ 8ಕ್ಕೆ. ಏಳರಿಂದ ಹತ್ತಕ್ಕೆ ಹೋದರೆ ಮತ್ತೆ ಎರಡೂವರೆ ಡಿಗ್ರಿ ಮಾತ್ರ ಲಾಭ. ಹೀಗಾಗಿ ಹಗಲು ಹೊತ್ತಿನಲ್ಲಿ ಐದು ಪಟ್ಟು, ಗಾಳಿ ಎದ್ದಾಗ ಅಥವಾ ರಾತ್ರಿ ತಂಗುವಾಗ ಏಳು ಪಟ್ಟು ಎಂದು ಇಟ್ಟುಕೊಂಡರೆ ಸಾಕು. ಹತ್ತು ಪಟ್ಟು ಬಿರುಗಾಳಿಗೆ.

ಇಲ್ಲಿ ಹಲವರು ಮರೆಯುವ ಎರಡು ಅಂಶಗಳಿವೆ. ಆಳ ಎಂದರೆ ನೀರಿನ ಆಳ ಮಾತ್ರವಲ್ಲ, ನೀರಿನ ಮಟ್ಟದಿಂದ ದೋಣಿಯ ಮೂತಿಯ ತನಕದ ಎತ್ತರವನ್ನೂ ಕೂಡಿಸಬೇಕು. ಉಬ್ಬರ ಬರುವ ಜಾಗವಾದರೆ ನೀರು ಏರುವಷ್ಟನ್ನೂ ಸೇರಿಸಬೇಕು. ಆರು ಮೀಟರ್ ನೀರು, ಒಂದು ಮೀಟರ್ ಮೂತಿ ಎಂದರೆ ಏಳು. ಏಳು ಪಟ್ಟಿಗೆ 49. ಅಂದರೆ ಇಷ್ಟು ಕಡಿಮೆ ಆಳಕ್ಕೂ 50 ಮೀಟರ್ ಹಗ್ಗ ಬೇಕು. ದೋಣಿಯೊಂದಿಗೆ ಬರುವ 20 ಮೀಟರಿನ ಸುರುಳಿಯನ್ನು ಬಟ್ಟೆ ಒಣಗಿಸಲು ಇಟ್ಟುಕೊಳ್ಳಿ.

ಹಗ್ಗ ನೈಲಾನಿನದ್ದಾಗಿರಲಿ. ಅದು ಹಿಗ್ಗುತ್ತದೆ, ಅಲೆಯ ಹೊಡೆತವನ್ನು ನುಂಗುತ್ತದೆ, ನೀರಿನಲ್ಲಿ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ಆದರೆ ತೇಲುತ್ತದೆ. ತೇಲುವ ಹಗ್ಗವನ್ನು ಇಂಜಿನ್ನಿನ ರೆಕ್ಕೆ ಎಲ್ಲಿದ್ದರೂ ಹುಡುಕಿಕೊಂಡು ಬರುತ್ತದೆ. ಆರು ಮೀಟರಿನ ದೋಣಿಗೆ 10 ಮಿಲಿಮೀಟರ್ ದಪ್ಪ ಸಾಕು. ಅದು ಹೊಸದಿದ್ದಾಗ ಸುಮಾರು ಎರಡು ಟನ್ ತಡೆಯುತ್ತದೆ, ಶಕ್ತಿಯ ಚಿಂತೆ ಬೇಡ. 12 ಮಿಲಿಮೀಟರಿನದನ್ನು ಆರಿಸುವವರಿದ್ದರೆ ಅದು ಕೈಗೆ ಹಿತ ಎಂಬ ಕಾರಣಕ್ಕೆ, ಒದ್ದೆ ಹಗ್ಗವನ್ನು ಬರಿಗೈಯಲ್ಲಿ ಎಳೆದವರಿಗೆ ಇದು ಅರ್ಥವಾಗುತ್ತದೆ.

ಹಗ್ಗಕ್ಕೂ ಲಂಗರಿಗೂ ನಡುವೆ ಸರಪಳಿ ಕಡ್ಡಾಯ, ಕನಿಷ್ಠ ದೋಣಿಯ ಉದ್ದದಷ್ಟು. ಅದು ಲಂಗರಿನ ಕಾಂಡವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಕಲ್ಲಿಗೆ ಉಜ್ಜಿದರೂ ಕಡಿದುಹೋಗುವುದಿಲ್ಲ. 8 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕಿಲೊ ತೂಗುತ್ತದೆ, 6 ಮಿಲಿಮೀಟರಿನದು 0.8. ಕರಗಿಸಿದ ಸತುವಿನಲ್ಲಿ ಅದ್ದಿದ್ದನ್ನೇ ಕೇಳಿ. ಬರಿದೆ ಹೊಳೆಯುವ ತೆಳು ಲೇಪದ ಸರಪಳಿ ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಇವನ್ನು ಕೂಡಿಸುವ ಶ್ಯಾಕಲ್ ಎಂಬ ಕೊಂಡಿಯ ತಿರುಪನ್ನು ತಂತಿಯಿಂದ ಬಿಗಿದು ಕಟ್ಟಬೇಕು, ಇಲ್ಲದಿದ್ದರೆ ಅದು ತಾನಾಗಿಯೇ ಸಡಿಲಗೊಳ್ಳುತ್ತದೆ.

ಈಗ ಲಂಗರು

ಗಾಳಿ ಎಷ್ಟು ಎಳೆಯುತ್ತದೆ ಎಂಬ ಅಂದಾಜು ಮೊದಲಿರಲಿ. ಅಮೆರಿಕದ ದೋಣಿ ತಯಾರಕರು ಬಳಸುವ ಮಾನದಂಡದ ಕೋಷ್ಟಕದಲ್ಲಿ 6 ಮೀಟರಿನ ದೋಣಿಗೆ 15 ನಾಟ್ (ಗಂಟೆಗೆ ಸುಮಾರು 28 ಕಿಲೊಮೀಟರ್) ಗಾಳಿಯಲ್ಲಿ ಸುಮಾರು 40 ಕಿಲೊ ಎಳೆತ, 30 ನಾಟ್‌ಗೆ ಸುಮಾರು 160 ಎಂದಿದೆ. ಗಾಳಿ ಇಮ್ಮಡಿಯಾದರೆ ಎಳೆತ ನಾಲ್ಮಡಿ. ಐದಾರು ಕಿಲೊ ತೂಕದ ಕಬ್ಬಿಣ 160 ಕಿಲೊ ಎಳೆತವನ್ನು ತೂಕದಿಂದ ತಡೆಯಲಾರದು, ನೆಲದೊಳಗೆ ಹೂತುಕೊಂಡೇ ತಡೆಯಬೇಕು. ಆದ್ದರಿಂದ ಆಕಾರ ನೋಡಿ.

ಮರಳು ಮತ್ತು ಕೆಸರಿಗೆ ಎರಡು ಅಗಲ ಎಲೆಗಳು ಮಡಚಿಕೊಳ್ಳುವ ಡ್ಯಾನ್‌ಫರ್ತ್ ಮಾದರಿಗೆ ತೂಕಕ್ಕೆ ಹೋಲಿಸಿದರೆ ಸಾಟಿಯಿಲ್ಲ. ಎರಡನೆಯ ಮಹಾಯುದ್ಧದಲ್ಲಿ ದಡಕ್ಕೆ ಸೈನಿಕರನ್ನು ಇಳಿಸುವ ನೌಕೆಗಳು ಇದನ್ನೇ ಬಳಸಿದವು. ಅದರ ದೋಷ ಎರಡು: ನೀರುಸಸ್ಯದ ಮೇಲೆ ಬಿದ್ದರೆ ಜಾರುತ್ತದೆ, ಗಾಳಿ ದಿಕ್ಕು ಬದಲಿಸಿದರೆ ಕಿತ್ತುಕೊಂಡು, ಎಲೆಗಳ ನಡುವೆ ಒಂದು ಕಲ್ಲು ಸಿಕ್ಕಿದರೂ ಮತ್ತೆ ಕಚ್ಚದೆ ಹೋಗಬಹುದು. ನೇಗಿಲಿನಾಕಾರದ್ದು ದಿಕ್ಕು ಬದಲಾದಾಗ ಹೆಚ್ಚು ನಂಬಿಗಸ್ತ. ಅದರ ಮೂಲ ರೂಪವನ್ನು 1933ರಲ್ಲಿ ಕಂಡುಹಿಡಿದವರು ಭೌತವಿಜ್ಞಾನಿ ಜಿ.ಐ. ಟೇಲರ್. ದ್ರವಗಳ ಚಲನೆಯ ಬಗ್ಗೆ ದೊಡ್ಡ ಕೆಲಸ ಮಾಡಿದ ಆ ಮನುಷ್ಯನಿಗೆ ಸ್ವಂತ ಹಾಯಿದೋಣಿಯಿತ್ತು, ಲಂಗರಿನ ತೊಂದರೆಯನ್ನು ಕೈಯಾರೆ ಅನುಭವಿಸಿದ್ದರು. ಮೂರು ಬೆರಳಿನ ಪಂಜದಂತಿರುವ ಬ್ರೂಸ್ ಮಾದರಿ ಕಲ್ಲು ಬೆರೆತ ತಳದಲ್ಲಿ ಬೇಗ ಕಚ್ಚುತ್ತದೆ, ಆದರೆ ಅಷ್ಟೇ ಹಿಡಿತಕ್ಕೆ ಹೆಚ್ಚು ತೂಕ ಬೇಡುತ್ತದೆ.

ಬಂಡೆಯ ತಳಕ್ಕೆ ನಾಲ್ಕು ಕೊಕ್ಕೆಯ ಲಂಗರು, ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯ ಅಣ್ಣ. ಅದು ಹೂತುಕೊಳ್ಳುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ. ಮರಳಿನಲ್ಲಿ ಅದನ್ನು ನಂಬಬೇಡಿ. ಅಣಬೆಯಾಕಾರದ್ದು ಅಲುಗಾಡದ ಕೊಳದ ಕೆಸರಿಗೆ ಸರಿ, ಉಳಿದಂತೆ ಅದನ್ನು ಬಿಟ್ಟುಬಿಡಿ.

ತೂಕ ಎಷ್ಟು? ಆರು ಮೀಟರಿನ ದೋಣಿಗೆ ಡ್ಯಾನ್‌ಫರ್ತ್ ಮಾದರಿಯಾದರೆ 4ರಿಂದ 6 ಕಿಲೊ, ನೇಗಿಲು ಅಥವಾ ಪಂಜವಾದರೆ 6ರಿಂದ 8. ತಯಾರಕರ ಕೋಷ್ಟಕ ನಿಮ್ಮ ದೋಣಿಗೆ ಒಂದು ಅಳತೆ ಹೇಳಿದರೆ ಅದರ ಮುಂದಿನದನ್ನು ಕೊಳ್ಳಿ. ಕೋಷ್ಟಕ ಬರೆದವರ ದೋಣಿಯ ಮೇಲೆ ಗಾಳಿ ಹಿಡಿಯುವ ಚಾವಣಿಯಾಗಲಿ ಮಂಜುಗಡ್ಡೆಯ ಪೆಟ್ಟಿಗೆಯಾಗಲಿ ಇರುವುದಿಲ್ಲ. ಎರಡು ಬಗೆಯ ತಳದಲ್ಲಿ ದುಡಿಯುವವರು ಒಂದು ದೊಡ್ಡ ಲಂಗರಿಗಿಂತ ಎರಡು ಬಗೆಯದನ್ನು ಇಟ್ಟುಕೊಳ್ಳುವುದು ಜಾಣತನ.

ಬಂಡೆಯಲ್ಲಿ ಸಿಕ್ಕಿಕೊಳ್ಳುವ ಭಯವಿದ್ದರೆ ಸರಪಳಿಯನ್ನು ಲಂಗರಿನ ತಲೆಯ ಬಳೆಗೆ ಹಾಕುವ ಬದಲು ಕೊಕ್ಕೆಗಳ ಬುಡಕ್ಕೆ ಜೋಡಿಸಿ, ತಲೆಯ ಬಳೆಗೆ ತೆಳು ದಾರದಿಂದ ಮಾತ್ರ ಕಟ್ಟಿ. ಬಲವಾಗಿ ಎಳೆದಾಗ ದಾರ ಹರಿದು ಲಂಗರು ಹಿಂದುಮುಂದಾಗಿ ಬಿಡಿಸಿಕೊಂಡು ಬರುತ್ತದೆ. ಗಾಳಿ ಹೆಚ್ಚಿದಾಗ ಅದೇ ದಾರ ಹರಿಯಬಹುದು, ಹೀಗೆ ಕಟ್ಟಿ ನಿದ್ದೆ ಮಾಡುವಂತಿಲ್ಲ.

460 ಸುತ್ತು

ವಿಂಚ್ ಎತ್ತಬೇಕಾದ ಭಾರ ನಿಜಕ್ಕೂ ಎಷ್ಟು? 7 ಕಿಲೊ ಲಂಗರು, 6 ಮೀಟರ್ ಸರಪಳಿಯ 8.4 ಕಿಲೊ, ಒಟ್ಟು 15.4. ಉಕ್ಕು ನೀರಿನಲ್ಲಿ ತನ್ನ ತೂಕದ ಎಂಟನೆಯ ಒಂದು ಪಾಲಿನಷ್ಟು ಕಳೆದುಕೊಳ್ಳುತ್ತದೆ, ಹಾಗಾಗಿ ತೂಗುವುದು 13 ಕಿಲೊ ಚಿಲ್ಲರೆ. ಇದಕ್ಕೆ 500 ಕಿಲೊ ಎಳೆಯುವ ವಿಂಚ್ ಏಕೆ?

ನಾನು ಕೊಂಡದ್ದು ಅದನ್ನೇ, ದೋಣಿಯನ್ನು ಗಾಡಿಗೆ ಏರಿಸಲು ಮಾಡಿದ ಡ್ರಮ್ ವಿಂಚ್, ಅಂದರೆ ಹಗ್ಗವನ್ನು ತನ್ನ ಉರುಳೆಗೇ ಸುತ್ತಿಕೊಳ್ಳುವಂಥದ್ದು. ಹ್ಯಾಂಡಲ್ ಐದು ಸುತ್ತಿದರೆ ಡ್ರಮ್ ಒಂದು ಸುತ್ತು. ಡ್ರಮ್ಮಿನ ಅಗಲ 12 ಸೆಂಟಿಮೀಟರ್, ನಡುಗಂಬದ ವ್ಯಾಸ 6. 10 ಮಿಲಿಮೀಟರ್ ಹಗ್ಗ ಮೊದಲ ಪದರದಲ್ಲಿ 12 ಸುತ್ತು ಬರುತ್ತದೆ, ಅಂದರೆ ಎರಡೂವರೆ ಮೀಟರಿನ ಆಸುಪಾಸು. ಐದು ಪದರ ತುಂಬಿದರೂ 20 ಮೀಟರೇ. 40 ಮೀಟರ್ ಸುತ್ತಲು ಎಂಟು ಪದರ ಬೇಕು, ಆಗ ಹಗ್ಗದ ಗುಡ್ಡೆಯ ವ್ಯಾಸ 22 ಸೆಂಟಿಮೀಟರ್. ಬದಿಯ ತಟ್ಟೆ ಅದಕ್ಕಿಂತ ಚಿಕ್ಕದಿದ್ದರೆ ಹಗ್ಗ ಹೊರಗೆ ಜಾರುತ್ತದೆ. ಇನ್ನು ಸುತ್ತು ಎಣಿಸಿದರೆ 40 ಮೀಟರಿಗೆ ಡ್ರಮ್ 93 ಸುತ್ತು, ಹ್ಯಾಂಡಲ್ ಸುಮಾರು 460. ನಿಮಿಷಕ್ಕೆ 40ರಂತೆ ತಿರುಗಿಸಿದರೂ ಹನ್ನೊಂದೂವರೆ ನಿಮಿಷ. ಅಷ್ಟು ಹೊತ್ತು ಮೂತಿಯಲ್ಲಿ ಬಗ್ಗಿ ಕೂತವನ ದೋಣಿಯನ್ನು ನೋಡಿಕೊಳ್ಳುವವರು ಯಾರು?

ಪೆಟ್ಟಿಗೆಯ ಮೇಲಿನ 500 ಕಿಲೊ ಕೂಡ ಸಾಮಾನ್ಯವಾಗಿ ಮೊದಲ ಪದರದ ಲೆಕ್ಕ. ಎಂಟನೆಯ ಪದರದಲ್ಲಿ ಹಗ್ಗ ನಡುವಿನಿಂದ ಮೂರು ಪಟ್ಟು ದೂರವಿರುತ್ತದೆ, ಬಲ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ತಮಾಷೆಯೆಂದರೆ ಲಂಗರು ನೆಲ ಬಿಟ್ಟು ತೂಗುವುದು ಕೊನೆಯ ಪದರಗಳಲ್ಲೇ. ಮೊದಲ ಪದರಗಳ ದೈತ್ಯಬಲ ಸಡಿಲ ಹಗ್ಗ ಸುತ್ತುವುದಕ್ಕೆ ವ್ಯರ್ಥ.

ಹಾಗಾದರೆ ಯಾವುದು? ನನ್ನ ಮತ ಡ್ರಮ್ಮಿಗಿಂತ ಕ್ಯಾಪ್‌ಸ್ಟನ್‌ಗೆ, ಅಂದರೆ ಹಗ್ಗವನ್ನು ಸಂಗ್ರಹಿಸದ, ಬರಿದೆ ಹಿಡಿದು ಎಳೆಯುವ ಉರುಳೆಗೆ. ಸಡಿಲ ಹಗ್ಗವನ್ನು ಕೈಯಲ್ಲೇ ಎಳೆದು ಬುಟ್ಟಿಗೆ ಹಾಕಿ, ಹಗ್ಗ ನೇರವಾಗಿ ಕೆಳಗಿಳಿದಾಗ ಮಾತ್ರ ಉರುಳೆಗೆ ಮೂರು ಸುತ್ತು ಹಾಕಿ ತಿರುಗಿಸಿ. ಘರ್ಷಣೆಯೇ ಹಿಡಿಯುತ್ತದೆ, ಬಾಲದಲ್ಲಿ ಬೆರಳಿನ ಎಳೆತ ಸಾಕು. ವಿಂಚಿನ ಕೆಲಸ ಕೊನೆಯ ಏಳೆಂಟು ಮೀಟರಿಗೆ ಸೀಮಿತವಾಗುತ್ತದೆ, ಹಗ್ಗ ಎಷ್ಟು ಉದ್ದವಿದ್ದರೂ ಆಯಿತು.

ಡ್ರಮ್ಮೇ ಬೇಕೆನ್ನುವವರು ಗೇರಿಲ್ಲದೆ ನೇರವಾಗಿ ತಿರುಗುವುದನ್ನು ಅಥವಾ ಎರಡು ವೇಗದ್ದನ್ನು ನೋಡಲಿ. 25 ಸೆಂಟಿಮೀಟರ್ ಹ್ಯಾಂಡಲ್ ಇದ್ದರೆ ಹೊರ ಪದರದಲ್ಲೂ ಆ 13 ಕಿಲೊಗೆ ಕೈಯ ಮೇಲೆ ಬೀಳುವುದು ಸುಮಾರು ಆರು ಕಿಲೊ, 460 ಸುತ್ತು 93ಕ್ಕೆ ಇಳಿಯುತ್ತದೆ. ಡ್ರಮ್ಮನ್ನು ಹ್ಯಾಂಡಲಿನಿಂದ ಬೇರ್ಪಡಿಸುವ ಕ್ಲಚ್ ಇರಲೇಬೇಕು. ಅದಿಲ್ಲದ, ಚಿಲಕ ಬಿದ್ದಾಗ ಒಂದೇ ದಿಕ್ಕಿಗೆ ತಿರುಗುವ ರ್ಯಾಚೆಟ್ ವಿಂಚಿನಲ್ಲಿ ಲಂಗರು ಬಿಡಲು ಚಿಲಕ ಎತ್ತಿದ ಕ್ಷಣ ಹ್ಯಾಂಡಲ್ ಹುಚ್ಚಾಗಿ ತಿರುಗುತ್ತದೆ, ಮಣಿಕಟ್ಟು ಮುರಿಯಲು ಅಷ್ಟು ಸಾಕು. ತಾನಾಗಿ ಬ್ರೇಕ್ ಹಿಡಿಯುವ ವಿಂಚ್ ಸುರಕ್ಷಿತ, ಆದರೆ ಕೆಳಗಿಳಿಸಲೂ ಹಿಂದುಮುಂದಾಗಿ ಅಷ್ಟೇ ಸುತ್ತು ತಿರುಗಿಸಬೇಕು. ನೈಲಾನ್ ಹಗ್ಗವನ್ನು ಬಿಗಿದ ಸ್ಥಿತಿಯಲ್ಲೇ ಪದರ ಪದರವಾಗಿ ಸುತ್ತಿದರೆ ಅದು ಕುಗ್ಗಿ ಡ್ರಮ್ಮಿನ ನಡುಗಂಬವನ್ನು ಹಿಂಡುತ್ತದೆ, ಬದಿಯ ತಟ್ಟೆಗಳನ್ನು ಹೊರಕ್ಕೆ ತಳ್ಳುತ್ತದೆ ಎಂಬುದೂ ನೆನಪಿರಲಿ.

ಕೂರಿಸುವುದು, ಬಳಸುವುದು

ವಿಂಚಿನ ಕಾಲು ಫೈಬರ್ ಹಲಗೆಗೆ ಬರಿ ಸ್ಕ್ರೂವಿನಿಂದ ನಿಲ್ಲುವುದಿಲ್ಲ. ಬೋಲ್ಟ್ ಆರಪಾರ ಹೋಗಬೇಕು, ಅಡಿಯಲ್ಲಿ ಅಗಲವಾದ ಪಟ್ಟಿ, ದೊಡ್ಡ ವಾಷರ್, ರಂಧ್ರಕ್ಕೆ ನೀರು ಇಳಿಯದಂತೆ ಸೀಲಂಟ್. ಮೂತಿಯ ರೋಲರಿನ ನೇರಕ್ಕೆ, ಸಾಧ್ಯವಾದಷ್ಟು ಹಿಂದೆ ಇರಲಿ. ತೀರ ಹತ್ತಿರವಿದ್ದರೆ ಹಗ್ಗ ಡ್ರಮ್ಮಿನ ಒಂದೇ ಕಡೆ ಗುಡ್ಡೆಯಾಗುತ್ತದೆ. ತಿರುಗಿಸುವವರು ಎದ್ದು ನಿಲ್ಲದೆ, ಮಂಡಿಯೂರಿ ಕೆಲಸ ಮಾಡಲು ಜಾಗವಿದೆಯೇ ಎಂದು ಕೊರೆಯುವ ಮೊದಲು ಕೂತು ನೋಡಿ.

ಲಂಗರು ನಿಂತ ಮೇಲೆ ಎಳೆತ ವಿಂಚಿನ ಮೇಲೆ ಇರಬಾರದು. ಪಕ್ಕದಲ್ಲಿ ಹಗ್ಗ ಬಿಗಿಯುವ ಗಟ್ಟಿ ಗೂಟ, ಅಂದರೆ ಕ್ಲೀಟ್ ಒಂದು ಇರಲಿ, ಹಗ್ಗವನ್ನು ಅದಕ್ಕೆ ಕಟ್ಟಿ ವಿಂಚನ್ನು ಸಡಿಲ ಬಿಡಿ. ಲಂಗರು ನೆಲದಿಂದ ಬಿಡಿಸಿಕೊಳ್ಳಲು ಹಟ ಮಾಡಿದರೂ ಹೀಗೆಯೇ: ದೋಣಿಯನ್ನು ಇಂಜಿನ್ನಿನಿಂದ ಅದರ ನೇರ ಮೇಲಕ್ಕೆ ತನ್ನಿ, ಹಗ್ಗವನ್ನು ಕ್ಲೀಟಿಗೆ ಬಿಗಿಯಾಗಿ ಕಟ್ಟಿ, ಒಂದೆರಡು ಅಲೆ ಮೂತಿಯನ್ನು ಎತ್ತಲಿ. ದೋಣಿಯ ತೇಲುವ ಬಲದ ಮುಂದೆ ನಿಮ್ಮ ತೋಳು ಏನೂ ಅಲ್ಲ. ಆದರೆ ಅಲೆ ದೊಡ್ಡದಿದ್ದು ಮೂತಿ ತಗ್ಗುತ್ತಿದ್ದರೆ ತಡಮಾಡದೆ ಹಗ್ಗ ಸಡಿಲಿಸಿ.

ದೋಣಿಯ ಹಿಂಭಾಗದಿಂದ ಎಂದೂ ಲಂಗರು ಹಾಕಬೇಡಿ. ಇಂಜಿನ್ನಿನ ಭಾರಕ್ಕೆ ಆಗಲೇ ತಗ್ಗಿದ ಚಪ್ಪಟೆ ಹಿಂಬದಿಯ ಮೇಲೆ ಅಲೆ ಹತ್ತಿದರೆ ದೋಣಿ ತುಂಬಲು ನಿಮಿಷವೂ ಬೇಡ. ಹಗ್ಗದ ಒಳತುದಿಯನ್ನು ದೋಣಿಗೆ ಕಟ್ಟಿರಿ, ಕತ್ತರಿಸಲು ಕೈಗೆಟಕುವ ಕಡೆ ಚಾಕು ಇಟ್ಟಿರಿ.

ಮೊದಲ ಪ್ರಯೋಗ ಶಾಂತ ನೀರಿನಲ್ಲಿ ನಡೆಯಲಿ. ಲಂಗರನ್ನು ಎಸೆಯದೆ ಇಳಿಸಿ, ದೋಣಿ ಹಿಂದೆ ಸರಿದಂತೆ ಹಗ್ಗ ಬಿಡಿ, ಕಟ್ಟಿ, ಇಂಜಿನ್ನನ್ನು ಮೆಲ್ಲಗೆ ಹಿಮ್ಮುಖವಾಗಿ ಓಡಿಸಿ. ದಡದ ಎರಡು ಗುರುತುಗಳು ಒಂದರ ಹಿಂದೊಂದು ನಿಂತೇ ಇದ್ದರೆ ಲಂಗರು ಕಚ್ಚಿದೆ. ಹಗ್ಗದ ಮೇಲೆ ಅಂಗೈ ಇಟ್ಟಾಗ ಗುಡುಗುಡು ನಡುಕ ಸಿಕ್ಕಿದರೆ ಅದು ನೆಲದ ಮೇಲೆ ಎಳೆದಾಡುತ್ತಿದೆ ಎಂದರ್ಥ. ಕಳಚುವ ಹ್ಯಾಂಡಲ್ ಇರುವ ವಿಂಚಾದರೆ ಅಂದೇ ಹ್ಯಾಂಡಲಿಗೆ ಒಂದು ದಾರ ಕಟ್ಟಿ ದೋಣಿಗೆ ಬಿಗಿಯಿರಿ. ನನ್ನ ಮೊದಲ ಹ್ಯಾಂಡಲ್ ಈಗಲೂ ಆರು ಮೀಟರ್ ಆಳದ ಮರಳಿನಲ್ಲಿದೆ.