ಪೊಕೆಮಾನ್ ಕಾರ್ಡ್ ಮಾರುವ ಮುನ್ನ ಅದರ ಬೆನ್ನು ನೋಡಿ

ಆಟಕ್ಕೂ ಸಂಗ್ರಹಕ್ಕೂ ಕೊಂಡ ಪೊಕೆಮಾನ್ ಕಾರ್ಡುಗಳಲ್ಲಿ ಒಂದಷ್ಟನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಡುವವರು ಸಾಮಾನ್ಯವಾಗಿ ಕಾರ್ಡು ಜೋಡಿಸಿಟ್ಟ ಬೈಂಡರನ್ನು ಟ್ಯೂಬ್‌ಲೈಟಿನ ಕೆಳಗೆ ಬಿಡಿಸಿಟ್ಟು, ಪ್ಲಾಸ್ಟಿಕ್ ಪುಟದ ಮೇಲಿನಿಂದಲೇ ಒಂಬತ್ತೊಂಬತ್ತು ಕಾರ್ಡುಗಳ ಫೋಟೊ ತೆಗೆದು, ‘ಎಲ್ಲವೂ ಹೊಸದರಂತಿವೆ, ಬೆಲೆ ಹೇಳಿ’ ಎಂದು ಬರೆದು ಹಾಕುತ್ತಾರೆ. ಇದನ್ನು ನೋಡಿದ ಅನುಭವಿ ಖರೀದಿದಾರರು ಒಳ್ಳೆಯ ನಾಲ್ಕು ಕಾರ್ಡುಗಳನ್ನು ಮಾತ್ರ ಕಡಿಮೆ ಬೆಲೆಗೆ ಕೇಳಿ ಪಡೆಯುತ್ತಾರೆ. ಹೊಸಬರು ಕೊಂಡರೆ ಕಾರ್ಡ್ ಕೈಸೇರಿದ ದಿನವೇ ತಕರಾರು ಶುರುವಾಗುತ್ತದೆ. ಎರಡೂ ತಪ್ಪಬೇಕಾದರೆ ಕಾರ್ಡಿನ ಸ್ಥಿತಿಯನ್ನು ಮಾರುವವರೇ ಮೊದಲು ಸರಿಯಾಗಿ ನೋಡಿ ತಿಳಿದಿರಬೇಕು.

ಮೊದಲ ಹೆಜ್ಜೆ, ಉಳಿಸಿಕೊಳ್ಳುವ ಕಾರ್ಡುಗಳನ್ನು ಬೇರೆ ಮಾಡಿ ಇನ್ನೊಂದು ಬೈಂಡರಿಗೆ ಹಾಕಿ ಕಪಾಟಿನಲ್ಲಿಡುವುದು. ಮಾರುವವುಗಳ ಜೊತೆಯಲ್ಲೇ ಅವೂ ಇದ್ದರೆ ಯಾರಾದರೂ ಕೇಳಿದಾಗ ಮನಸ್ಸು ಸಡಿಲವಾಗುತ್ತದೆ.

ಎರಡನೆಯದು ಗುರುತಿಸುವ ಕೆಲಸ. ಕಾರ್ಡಿನ ಕೆಳಭಾಗದಲ್ಲಿ 4/102 ಎಂಬಂಥ ಸಂಖ್ಯೆಯಿರುತ್ತದೆ. ಕಾರ್ಡುಗಳು ಸೆಟ್ ಎಂಬ ಗುಂಪುಗಳಾಗಿ ಬಿಡುಗಡೆಯಾಗುತ್ತವೆ; 102 ಕಾರ್ಡುಗಳ ಬೇಸ್ ಸೆಟ್‌ನಲ್ಲಿ ಇದು ನಾಲ್ಕನೆಯದು, ಅಂದರೆ ಚಾರಿಝಾರ್ಡ್ ಎಂಬ ಪೊಕೆಮಾನ್‌ನದು, ಎಂದು ಅದರ ಅರ್ಥ. ಪಕ್ಕದ ಗುರುತು ವೃತ್ತವಾಗಿದ್ದರೆ ಸಾಮಾನ್ಯ, ವಜ್ರಾಕಾರವಾಗಿದ್ದರೆ ಅಷ್ಟು ಸಾಮಾನ್ಯವಲ್ಲದ್ದು, ನಕ್ಷತ್ರವಾಗಿದ್ದರೆ ಅಪರೂಪದ್ದು. ಮೊದಲ ಸಂಖ್ಯೆ ಎರಡನೆಯದಕ್ಕಿಂತ ದೊಡ್ಡದಿದ್ದರೆ ಅದು ಸೆಟ್ಟಿನ ಲೆಕ್ಕಕ್ಕೆ ಹೊರತಾದ, ಸಾಮಾನ್ಯವಾಗಿ ಇನ್ನೂ ಅಪರೂಪದ ಕಾರ್ಡ್; ವಿಶೇಷ ಗಮನ ಕೊಡಬೇಕು. 2023ರಲ್ಲಿ ಬಂದ ‘151’ ಸೆಟ್ಟಿನ 199/165 ಚಾರಿಝಾರ್ಡ್ ಅಂಥದ್ದು. 1999ರ ಬೇಸ್ ಸೆಟ್ ಕಾರ್ಡುಗಳಿದ್ದರೆ, ಚಿತ್ರದ ಕೆಳಗೆ ಎಡಬದಿಯಲ್ಲಿ ಮೊದಲ ಆವೃತ್ತಿಯ ಮುದ್ರೆ ಇದೆಯೇ, ಚಿತ್ರದ ಚೌಕಟ್ಟಿನ ಬಲಬದಿಗೆ ನೆರಳು ಇದೆಯೇ ಎಂದು ಎರಡೆರಡು ಬಾರಿ ನೋಡಬೇಕು. ಮುದ್ರೆಯಿದ್ದು ನೆರಳಿಲ್ಲದ ಕಾರ್ಡಿಗೂ, ಮುದ್ರೆಯಿಲ್ಲದೆ ನೆರಳಿರುವ ಕಾರ್ಡಿಗೂ ಬೆಲೆಯಲ್ಲಿ ಭಾರಿ ವ್ಯತ್ಯಾಸವಿದೆ; ಹೆಚ್ಚು ಬೆಲೆ ಮೊದಲನೆಯದಕ್ಕೆ. ಇಲ್ಲೇ ಒಂದು ಮಾತು ಹೇಳಬೇಕು. ಆಟಿಕೆ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಕೆಲವು ನೂರು ರೂಪಾಯಿಗೆ ಸಿಗುವ, ಇಡೀ ಕಟ್ಟೇ ಚಿನ್ನದ ಬಣ್ಣದ ತೆಳು ಪ್ಲಾಸ್ಟಿಕ್ಕಿನಲ್ಲಿರುವ ಕಾರ್ಡುಗಳು ನಕಲಿ. ಮಗುವಿಗೆ ಆಡಲು ಕೊಡಿ, ಮಾರಾಟದ ಪಟ್ಟಿಗೆ ಮಾತ್ರ ಸೇರಿಸಬೇಡಿ. ಅಂಥದ್ದೊಂದು ಫೋಟೊದಲ್ಲಿ ಕಂಡರೂ ನಿಮ್ಮ ಅಸಲಿ ಕಾರ್ಡುಗಳ ಮೇಲೂ ಜನರಿಗೆ ಅನುಮಾನ ಬರುತ್ತದೆ.

ಮೂರನೆಯದೇ ಕಷ್ಟದ ಹೆಜ್ಜೆ: ಸ್ಥಿತಿಯನ್ನು ಅಳೆಯುವುದು. ಇದು ಎಷ್ಟು ಮುಖ್ಯವೆಂಬುದಕ್ಕೆ ಪಿಕಾಚು ಇಲ್ಲಸ್ಟ್ರೇಟರ್ ಎಂಬ ಬಲು ಅಪರೂಪದ ಕಾರ್ಡಿನ ವ್ಯವಹಾರವೇ ಸಾಕ್ಷಿ. 2021ರಲ್ಲಿ ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ ಅವರು, ಕಾರ್ಡುಗಳ ಸ್ಥಿತಿಗೆ ದರ್ಜೆ ಕೊಡುವ ಪಿಎಸ್‌ಎ ಸಂಸ್ಥೆಯಿಂದ ಅತ್ಯುನ್ನತವಾದ 10ನೇ ದರ್ಜೆ ಪಡೆದ ಪ್ರತಿಯನ್ನು ಪಡೆಯಲು, ತಮ್ಮಲ್ಲಿದ್ದ ಅದೇ ಕಾರ್ಡಿನ 9ನೇ ದರ್ಜೆಯ ಪ್ರತಿಯನ್ನು ಕೊಟ್ಟು, ಅದರ ಮೇಲೆ 40 ಲಕ್ಷ ಡಾಲರ್ ಸೇರಿಸಿದರು. ಚಿತ್ರವೂ ಒಂದೇ, ಹೆಸರೂ ಒಂದೇ. ವ್ಯತ್ಯಾಸವಿದ್ದದ್ದು ಸ್ಥಿತಿಯಲ್ಲಿ ಮಾತ್ರ. ನಮ್ಮ ನಿಮ್ಮ ಕಾರ್ಡುಗಳಲ್ಲಿ ಮೊತ್ತ ಚಿಕ್ಕದಿರಬಹುದು, ಲೆಕ್ಕಾಚಾರ ಮಾತ್ರ ಅದೇ.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕುಳಿತು, ಕಾರ್ಡನ್ನು ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಹೊದಿಕೆಯಿಂದ ಹೊರತೆಗೆದು ಅಂಚುಗಳಲ್ಲಷ್ಟೇ ಹಿಡಿಯಿರಿ. ನೇರವಾಗಿ ತಲೆಯ ಮೇಲೆ ಬೀಳುವ ಟ್ಯೂಬ್‌ಲೈಟಿನ ಬೆಳಕು ಈ ಕೆಲಸಕ್ಕೆ ಬೇಡ; ಅದು ಎಲ್ಲವನ್ನೂ ಸಮವಾಗಿ ಬೆಳಗಿಸಿ ದೋಷಗಳನ್ನು ಮುಚ್ಚಿಬಿಡುತ್ತದೆ. ಮೊದಲು ಕಾರ್ಡಿನ ಬೆನ್ನು ನೋಡಬೇಕು, ಮುಖವನ್ನಲ್ಲ. ಬೆನ್ನಿನ ಅಂಚು ಗಾಢ ನೀಲಿಯಾದ್ದರಿಂದ ಬಣ್ಣ ಎದ್ದುಹೋದಲ್ಲಿ ಕಾಗದದ ಬಿಳುಪು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಮುಖದ ಹಳದಿ ಅಥವಾ ಬೂದು ಅಂಚಿನಲ್ಲಿ ಅದೇ ಸವೆತ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಮೂಲೆ, ನಾಲ್ಕು ಅಂಚುಗಳನ್ನು ಒಂದೊಂದಾಗಿ ನೋಡಿ, ಬಿಳಿ ಎಲ್ಲೆಲ್ಲಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಆಮೇಲೆ ಮುಖಕ್ಕೆ ತಿರುಗಿಸಿ, ಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕು ಅದರ ಮೇಲೆ ಜಾರಿಹೋಗುವಂತೆ ನಿಧಾನವಾಗಿ ಓರೆಮಾಡಿ. ಹೊಳೆಯುವ ಹೋಲೋ ಭಾಗದ ಮೇಲಿನ ಕೂದಲೆಳೆಯಂಥ ಗೀರುಗಳು ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ ಮಿಂಚಿ ಮರೆಯಾಗುತ್ತವೆ. ಬೈಂಡರಿನ ಉಂಗುರ ಒತ್ತಿ ಮೂಡಿದ ಅರ್ಧಚಂದ್ರದಂಥ ತಗ್ಗು ಕೂಡ ಹೀಗೆಯೇ ಕಾಣುತ್ತದೆ, ನೇರ ನೋಟಕ್ಕೆ ಸಿಗದು. ಮಡಿಕೆಯ ಗೆರೆಯಿದ್ದರೆ, ಅದು ಎಷ್ಟೇ ಚಿಕ್ಕದಾಗಿರಲಿ, ಆ ಕಾರ್ಡನ್ನು ‘ಉತ್ತಮ’ ಎಂದು ಕರೆಯಬಾರದು. ಕಾರ್ಖಾನೆಯಲ್ಲೇ ಬಂದ ಮುದ್ರಣದ ಗೆರೆಗಳನ್ನೂ ಬರೆದುಕೊಳ್ಳಬೇಕು. ತಪ್ಪು ನಿಮ್ಮದಲ್ಲದಿದ್ದರೂ ಕೊಳ್ಳುವವರಿಗೆ ಅದು ತಿಳಿದಿರಬೇಕು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಳೆದ, ಹೊಳೆಯುವ ಪದರವಿರುವ ಫಾಯಿಲ್ ಕಾರ್ಡುಗಳು ಬಿಲ್ಲಿನಂತೆ ಬಾಗಿರುವುದುಂಟು. ಕಾಗದದ ಪದರ ತೇವ ಹೀರುತ್ತದೆ, ಫಾಯಿಲ್ ಹೀರುವುದಿಲ್ಲ, ಆದ್ದರಿಂದ ಬಾಗುತ್ತದೆ. ಅದನ್ನು ಇಸ್ತ್ರಿ ಪೆಟ್ಟಿಗೆಯಿಂದ ನೆಟ್ಟಗೆ ಮಾಡುವ ಉಪಾಯ ಹೇಳುವವರ ಮಾತು ಕೇಳಬೇಡಿ. ಒದ್ದೆ ಬಟ್ಟೆಯಿಂದ ಒರೆಸುವುದು, ಬಿಳಿ ಅಂಚಿಗೆ ನೀಲಿ ಮಾರ್ಕರ್ ಹಚ್ಚುವುದು ಇನ್ನೂ ಕೆಟ್ಟದ್ದು. ಎರಡನೆಯದಂತೂ ನೇರವಾದ ಮೋಸ.

ಇಷ್ಟಾದ ಮೇಲೆ ದರ್ಜೆ. ಈ ವಲಯದಲ್ಲಿ, ಒಳ್ಳೆಯದರಿಂದ ಕೆಟ್ಟದ್ದರ ಕಡೆಗೆ, ನಿಯರ್ ಮಿಂಟ್ (ಬಹುತೇಕ ಹೊಸದು), ಲೈಟ್ಲಿ ಪ್ಲೇಡ್ (ತುಸು ಸವೆದದ್ದು), ಮಾಡರೇಟ್ಲಿ ಪ್ಲೇಡ್ (ಸಾಧಾರಣ ಸವೆದದ್ದು), ಹೆವಿಲಿ ಪ್ಲೇಡ್ (ತುಂಬಾ ಸವೆದದ್ದು), ಡ್ಯಾಮೇಜ್ಡ್ (ಹಾಳಾದದ್ದು) ಎಂಬ ಐದು ಹೆಸರುಗಳು ಬಳಕೆಯಲ್ಲಿವೆ. ಎರಡರ ನಡುವೆ ಅನುಮಾನ ಬಂದರೆ ಕೆಳಗಿನದನ್ನೇ ಬರೆಯಿರಿ. ಕೆಲವು ವರ್ಷಗಳ ಹಿಂದೆ ನಾನೊಂದು ಹೋಲೋ ಕಾರ್ಡನ್ನು ರಾತ್ರಿ ಟ್ಯೂಬ್‌ಲೈಟಿನಲ್ಲಿ ನೋಡಿ ನಿಯರ್ ಮಿಂಟ್ ಎಂದು ಬರೆದು ಹುಬ್ಬಳ್ಳಿಯ ಒಬ್ಬ ಹುಡುಗನಿಗೆ ಮಾರಿದ್ದೆ. ಅವನು ಬೆನ್ನಿನ ಕೆಳಗಿನ ಅಂಚಿನ ಫೋಟೊ ಕಳಿಸಿ, ‘ಸರ್, ಇದು ನಿಮಗೆ ಕಾಣಲಿಲ್ಲವೇ?’ ಎಂದು ಕೇಳಿದ. ಅಂಚಿನುದ್ದಕ್ಕೂ ಬಿಳಿ ಗೆರೆಯೆಳೆದಂತಿತ್ತು. ನಾನು ಹಣ ಹಿಂತಿರುಗಿಸಿದೆ, ಆ ದಿನದಿಂದ ರಾತ್ರಿ ಹೊತ್ತು ಕಾರ್ಡಿನ ದರ್ಜೆ ಬರೆಯುವುದನ್ನು ಬಿಟ್ಟೆ.

ಫೋಟೊ ತೆಗೆಯುವಾಗ ಅದೇ ಕಪ್ಪು ಬಟ್ಟೆ, ಅದೇ ಕಿಟಕಿ ಸಾಕು. ಫ್ಲ್ಯಾಶ್ ಆರಿಸಿ, ಮೊಬೈಲಿನ ಅಂದಗೊಳಿಸುವ ಆಯ್ಕೆಗಳನ್ನೆಲ್ಲ ತೆಗೆದುಹಾಕಿ. ಮುಖ, ಬೆನ್ನು, ದೋಷವಿರುವ ಪ್ರತಿ ಜಾಗದ ಸಮೀಪ ಚಿತ್ರ, ಹೋಲೋ ಕಾರ್ಡಾದರೆ ಓರೆಮಾಡುತ್ತ ತೆಗೆದ ಹತ್ತು ಸೆಕೆಂಡಿನ ವಿಡಿಯೊ, ಇಷ್ಟಿರಲಿ. ಒಂದು ಚಿತ್ರದಲ್ಲಿ ನಿಮ್ಮ ಹೆಸರು ಮತ್ತು ಆ ದಿನದ ದಿನಾಂಕ ಬರೆದ ಚೀಟಿ ಕಾರ್ಡಿನ ಪಕ್ಕದಲ್ಲಿರಬೇಕು, ಇಲ್ಲದಿದ್ದರೆ ನಿಮ್ಮ ಫೋಟೊವನ್ನು ಕದ್ದು ಬೇರೆಯವರು ಮಾರಾಟಕ್ಕೆ ಹಾಕುತ್ತಾರೆ.

ಬೆಲೆಯ ವಿಷಯದಲ್ಲಿ ಯಾರು ಎಷ್ಟು ಕೇಳುತ್ತಿದ್ದಾರೆ ಎಂಬುದನ್ನು ನೋಡಬೇಡಿ, ಎಷ್ಟಕ್ಕೆ ಮಾರಾಟವಾಗಿದೆ ಎಂಬುದನ್ನು ನೋಡಿ. ಅಮೆರಿಕದ ಮಾರಾಟ ತಾಣವಾದ ಈಬೇಯಲ್ಲಿ ಮಾರಾಟವಾದವುಗಳನ್ನಷ್ಟೇ ತೋರಿಸುವ ಆಯ್ಕೆಯಿದೆ. ಆದರೆ ಆ ಡಾಲರನ್ನು ರೂಪಾಯಿಗೆ ಗುಣಿಸಿ ಅಷ್ಟೇ ಬೇಕೆಂದು ಹಟ ಹಿಡಿಯಬಾರದು. ನಮ್ಮ ದೇಶದ ಸಂಗ್ರಾಹಕರ ಗುಂಪುಗಳಲ್ಲಿ ಅದೇ ಕಾರ್ಡ್, ಅದೇ ಸ್ಥಿತಿಯಲ್ಲಿ, ಇತ್ತೀಚೆಗೆ ಹೋದ ಬೆಲೆಯೇ ನಿಜವಾದ ಅಳತೆ. ಸಾಮಾನ್ಯ ಕಾರ್ಡುಗಳನ್ನು ಬಿಡಿಬಿಡಿಯಾಗಿ ಮಾರುವ ಶ್ರಮಕ್ಕೆ ಹೋಗದೆ ನೂರರ ಕಟ್ಟಾಗಿ ಕೊಟ್ಟುಬಿಡಿ.

ಹಣ ಕೈಸೇರುವವರೆಗೆ ಕಾರ್ಡ್ ಮನೆಯಿಂದ ಹೊರಡಬಾರದು. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಹಾಗೆ ಮಾಡಲು ಹೇಳುವವರು ನಿಮ್ಮ ಖಾತೆಯಿಂದ ಹಣ ತೆಗೆಯಲು ಬಂದವರು. ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕ್ ಖಾತೆಯನ್ನೇ ತೆರೆದು ನೋಡಿ.

ಕೊನೆಗೆ ಪ್ಯಾಕಿಂಗ್. ಕಾರ್ಡನ್ನು ಮೊದಲು ಮೆತ್ತನೆಯ ಸ್ಲೀವ್‌ಗೆ, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಹಾಕಬೇಕು. ಸ್ಲೀವ್ ಇಲ್ಲದೆ ನೇರವಾಗಿ ಟಾಪ್‌ಲೋಡರಿಗೆ ತುರುಕಿದರೆ ಅಷ್ಟು ಹೊತ್ತು ಕಾಪಾಡಿದ ಮೂಲೆಗಳು ಅಲ್ಲೇ ಸವೆಯುತ್ತವೆ. ಟಾಪ್‌ಲೋಡರಿನ ಬಾಯಿಗೆ ಸೆಲ್ಲೋಟೇಪ್ ಅಂಟಿಸಬೇಡಿ, ಅದರ ಅಂಟು ಸ್ಲೀವಿಗೂ ಕಾರ್ಡಿಗೂ ಹತ್ತುತ್ತದೆ. ಸುಲಭವಾಗಿ ಕೀಳಲು ಬರುವ ಕಾಗದದ ಮಾಸ್ಕಿಂಗ್ ಟೇಪ್ ಹಾಕಿ, ಅದರ ಒಂದು ತುದಿಯನ್ನು ಮಡಚಿ ಕಿವಿಯಂತೆ ಬಿಡಿ. ರಬ್ಬರ್ ಬ್ಯಾಂಡ್ ಎಲ್ಲಿಯೂ ಬೇಡ. ಟಾಪ್‌ಲೋಡರನ್ನು ಅದಕ್ಕಿಂತ ಒಂದು ಇಂಚು ದೊಡ್ಡದಿರುವ ಎರಡು ರಟ್ಟಿನ ತುಂಡುಗಳ ನಡುವೆ ಇಟ್ಟು, ಜಾರದಂತೆ ಕಟ್ಟಿ, ಮಳೆಗಾಲವಾದರೆ ಜಿಪ್ ಚೀಲಕ್ಕೆ ಹಾಕಿ, ಆಮೇಲೆ ಬಬಲ್ ಲಕೋಟೆಗೆ ಸೇರಿಸಿ. ನಾನು ಅಂಚೆ ಇಲಾಖೆಯ ಸ್ಪೀಡ್ ಪೋಸ್ಟನ್ನೇ ಬಳಸುತ್ತೇನೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಅದರಲ್ಲೇ ವಿಲೀನವಾಗಿದೆ. ಕಾರ್ಡನ್ನು ಲಕೋಟೆಗೆ ಹಾಕಿ ಮುಚ್ಚುವವರೆಗಿನದನ್ನು ವಿಡಿಯೊ ಮಾಡಿಟ್ಟು, ಲಕೋಟೆಯನ್ನು ಕೌಂಟರಿನಲ್ಲಿ ಕೈಯಾರೆ ಕೊಟ್ಟು, ರಸೀದಿಯ ಫೋಟೊವನ್ನು ಅಲ್ಲಿಂದಲೇ ಕೊಂಡವರಿಗೆ ಕಳಿಸಿ, ‘ತೆರೆಯುವಾಗ ನೀವೂ ವಿಡಿಯೊ ಮಾಡಿ’ ಎಂದು ತಿಳಿಸಿ. ಅವರಿಂದ ‘ಬಂತು, ಸರಿಯಿದೆ’ ಎಂಬ ಉತ್ತರ ಬಂದ ಮೇಲೆಯೇ ನೋಟ್‌ಬುಕ್ಕಿನಲ್ಲಿ ಆ ಕಾರ್ಡಿನ ಸಾಲನ್ನು ಹೊಡೆದುಹಾಕಿ.