ಆಂಪ್ ಬದಲಿಸುವ ಮುಂಚೆ ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿ

ಕಳೆದ ಮಳೆಗಾಲದಲ್ಲಿ ಬೆಳಗಾವಿ ಶಹಾಪುರದ ಗೆಳೆಯರೊಬ್ಬರು ಫೋನ್ ಮಾಡಿದರು. ಹೊಸ ಸ್ಪೀಕರ್ ತಂದರೂ ಹಾಡು ಕಂಬಳಿ ಹೊದ್ದ ಹಾಗೆ ಕೇಳುತ್ತದೆ, ಆಂಪ್ (ಆಂಪ್ಲಿಫೈಯರ್) ಬದಲಿಸಬೇಕಾ ಅಂತ ಕೇಳಿದರು. ಹೋಗಿ ನೋಡಿದರೆ ಆಂಪ್ ಚೆನ್ನಾಗಿಯೇ ಇತ್ತು. ಫೋನಿನ ಹಾಡಿನ ಆ್ಯಪ್‌ನಲ್ಲಿ, ಡೇಟಾ ಉಳಿಸಲು ಕ್ವಾಲಿಟಿ ಇಳಿಸುವ ಡೇಟಾ ಸೇವರ್ ಆನ್ ಆಗಿತ್ತು, ಅಷ್ಟೇ.

ಹಾಗಾಗಿ ಮೊದಲು ಆ್ಯಪ್‌ನ ಆಡಿಯೋ ಕ್ವಾಲಿಟಿ ನೋಡಿ. ವೈಫೈ, ಮೊಬೈಲ್ ಡೇಟಾ, ಡೌನ್‌ಲೋಡ್ ಮೂರಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇರುತ್ತವೆ, ಜನ ಒಂದನ್ನು ಬದಲಿಸಿ ಉಳಿದ ಎರಡನ್ನು ಮರೆಯುತ್ತಾರೆ. 'ಆಟೋ' ಇಡಬೇಡಿ. ಮಳೆಗೆ ನೆಟ್‌ವರ್ಕ್ ಕುಂಟಿದರೆ ಅದು ನಿಮಗೆ ಹೇಳದೆಯೇ ಕ್ವಾಲಿಟಿ ಇಳಿಸುತ್ತದೆ. ಸ್ಪಾಟಿಫೈನಲ್ಲಿ ದುಡ್ಡು ಕೊಡದವರಿಗೆ ಹೆಚ್ಚೆಂದರೆ 160 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಡೇಟಾ ಅನ್ನುವ ಅಳತೆ) ಸಿಗುತ್ತದೆ. ಆ್ಯಪಲ್ ಮ್ಯೂಸಿಕ್‌ನಲ್ಲಿ 2021ರಿಂದ ಲಾಸ್‌ಲೆಸ್‌ಗೆ, ಅಂದರೆ ಏನೂ ಕಳೆಯದ ಪೂರ್ತಿ ಕ್ವಾಲಿಟಿಗೆ, ಬೇರೆ ದುಡ್ಡಿಲ್ಲ, ಆದರೆ ನೀವೇ ಹೋಗಿ ಆನ್ ಮಾಡಬೇಕು. ಡೇಟಾ ಲೆಕ್ಕ ಬೇಕಾ? 320 ಕೆಬಿಪಿಎಸ್‌ನಲ್ಲಿ ಒಂದು ಗಂಟೆಗೆ 144 ಎಂಬಿ. ವೈಫೈನಲ್ಲಿ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟರೆ ಚಿಂತೆಯೇ ಇಲ್ಲ.

ವ್ಯತ್ಯಾಸ ಕಿವಿಗೆ ಗೊತ್ತಾಗಬೇಕೆಂದರೆ ಅಬ್ಬರದ ಹಾಡು ಹಾಕಬೇಡಿ, ತಂಬೂರಿ ಕೇಳಿ. ನಮ್ಮ ಪಕ್ಕದ ಮಿರಜ್‌ನಲ್ಲಿ ತಂಬೂರಿ ಮಾಡುವವರು ಕುದುರೆಯ (ತಂತಿಗಳು ಹಾದುಹೋಗುವ ಪುಟ್ಟ ಸೇತುವೆಯ) ಮೇಲೆ ತಂತಿಯ ಕೆಳಗೆ ಸಣ್ಣ ದಾರ ಇಟ್ಟು, ಕೂದಲೆಳೆಯಷ್ಟು ಆಚೀಚೆ ಸರಿಸಿ ಆ ಝೇಂಕಾರ ಹೊರಡಿಸುತ್ತಾರಲ್ವಾ, ಕ್ವಾಲಿಟಿ ಇಳಿದಾಗ ಮೊದಲು ಕೆಡುವುದು ಅಂಥ ನಯವಾದ ನಾದವೇ. ಲೋ ಕ್ವಾಲಿಟಿಯಲ್ಲಿ ಅದು ನೀರಿನೊಳಗಿಂದ ಬಂದ ಹಾಗೆ ಕಲಸಿಹೋಗುತ್ತದೆ. ಒಂದೇ ಆಲಾಪವನ್ನು ಲೋದಲ್ಲಿ ಒಮ್ಮೆ, ಹೈನಲ್ಲಿ ಒಮ್ಮೆ ಕೇಳಿ. ವಾಲ್ಯೂಮ್ ಮಾತ್ರ ಎರಡು ಸಲವೂ ಒಂದೇ ಇರಲಿ, ಯಾಕೆಂದರೆ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಈಕ್ವಲೈಜರ್ ಆಫ್ ಮಾಡಿ. 320ಕ್ಕೂ ಲಾಸ್‌ಲೆಸ್‌ಗೂ ಇರುವ ವ್ಯತ್ಯಾಸ ತುಂಬ ಜನರಿಗೆ ಕೇಳಿಸುವುದೇ ಇಲ್ಲ. ಅದಕ್ಕೆ ನಾನು ಮೊದಲು 320 ಸರಿಯಾಗಿ ಬರಲಿ ಅಂತೀನಿ.

ಇನ್ನು ಬ್ಲೂಟೂತ್. ಲಾಸ್‌ಲೆಸ್ ಆನ್ ಮಾಡಿ ಬ್ಲೂಟೂತ್‌ನಲ್ಲಿ ಕೇಳಿದರೆ ಸಾಮಾನ್ಯವಾಗಿ ಫೋನು ಹಾಡನ್ನು ಮತ್ತೊಮ್ಮೆ ಹಿಂಡಿಯೇ ಕಳಿಸುತ್ತದೆ. ಹೀಗೆ ಹಿಂಡುವ ವಿಧಾನಗಳಲ್ಲಿ, ಎಲ್ಲದರಲ್ಲೂ ಇರುವ ಎಸ್‌ಬಿಸಿ ಸಾಮಾನ್ಯವಾಗಿ 328 ಕೆಬಿಪಿಎಸ್‌ಗೆ ನಿಲ್ಲುತ್ತದೆ, ಸಿಡಿಯದು 1,411. ಎಲ್‌ಡಿಎಸಿ ಅನ್ನುವ ಇನ್ನೊಂದು ವಿಧಾನ 990ರವರೆಗೆ ಹೋಗುತ್ತದೆ, ಆದರೆ ಫೋನು ಮತ್ತು ರಿಸೀವರ್ ಎರಡರಲ್ಲೂ ಅದಿರಬೇಕು, ಐಫೋನ್‌ನಲ್ಲಿ ಇಲ್ಲ. ಸುಮ್ನೆ ವೈರ್ ಹಾಕಿ. ಟೈಪ್ ಸಿ ಡ್ಯಾಕ್ (ಫೋನಿನ ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಪುಟ್ಟ ಸಾಧನ), ಅದರಿಂದ ಕೆಂಪು ಬಿಳಿ ಪಿನ್ನಿನ ವೈರು, ಆಂಪಿನ ಹಿಂದಿನ ಆಕ್ಸ್ ಅನ್ನುವ ತೂತಿಗೆ. ಫೋನಿನ ವಾಲ್ಯೂಮ್ ಪೂರ್ತಿ ಹತ್ತಿರ ಇಟ್ಟು ಆಂಪಿನಲ್ಲಿ ಕಡಿಮೆ ಜಾಸ್ತಿ ಮಾಡಿ. ಫೋನಿನಲ್ಲಿ ತೀರಾ ಕಡಿಮೆ ಇಟ್ಟು ಆಂಪ್ ಏರಿಸಿದರೆ ಸುಯ್ ಅನ್ನುವ ಸದ್ದೂ ಜೊತೆಗೆ ಏರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಹಾಡು ಮಂಕಾಗಿಯೇ ಇರುತ್ತವೆ. ಅಲ್ಲಿ ತಪ್ಪು ರೆಕಾರ್ಡಿಂಗ್‌ನದು. ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರದಾಗಲಿ, ಮಲ್ಲಿಕಾರ್ಜುನ ಮನ್ಸೂರರದಾಗಲಿ ಹಳೆಯ ಧ್ವನಿಮುದ್ರಣ ಹುಡುಕುವಾಗ ಒಂದೇ ರಾಗಕ್ಕೆ ಎರಡು ಮೂರು ಅಪ್‌ಲೋಡ್ ಇದ್ದರೆ ಎಲ್ಲವನ್ನೂ ಒಂದೊಂದು ನಿಮಿಷ ಕೇಳಿ ನೋಡಿ. ಯಾರೋ ಕ್ಯಾಸೆಟ್‌ನಿಂದ ಇಳಿಸಿ ಹಾಕಿದ್ದರೆ, ಮೇಲೆ 24 ಬಿಟ್ ಅಂತ ದೊಡ್ಡ ಕ್ವಾಲಿಟಿಯ ಗುರುತು ಬರೆದಿದ್ದರೂ ಕೇಳುವುದು ಕ್ಯಾಸೆಟ್ಟೇ. ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯವರೇ ಹಾಕಿದ್ದು ಉತ್ತಮ. ಆದರೆ ಕೆಲವದರಲ್ಲಿ ಗರಗರ ತೆಗೆಯಲು ಹೋಗಿ ತಂಬೂರಿಯನ್ನೂ ಒರೆಸಿಹಾಕಿರುತ್ತಾರೆ, ನನಗೆ ಗರಗರ ಇದ್ದದ್ದೇ ವಾಸಿ ಅನ್ನಿಸುತ್ತದೆ.

ಶಹಾಪುರದ ಗೆಳೆಯರು ಆ ದಿನ ಡೇಟಾ ಸೇವರ್ ಆಫ್ ಮಾಡಿ, ವೈರ್ ಸಿಕ್ಕಿಸಿ, ಅದೇ ಹಾಡನ್ನು ಇನ್ನೊಮ್ಮೆ ಹಾಕಿದರು. ಒಳಗಿದ್ದ ಅವರ ತಾಯಿ ಹೊರಗೆ ಬಂದು, 'ಈಗ ತಂಬೂರಿ ಕೇಳಾಕತ್ತೇತಿ ನೋಡು' ಅಂದರು.