ಕರೇರಿಯಲ್ಲಿ ಒಂದು ಚಳಿರಾತ್ರಿ: ಚೀಲ ಕಟ್ಟುವುದರಿಂದ ಇಳಿಯುವವರೆಗೆ

ದಸರಾ ರಜೆಯಲ್ಲಿ ಕುಮಾರಪರ್ವತ ಹತ್ತೋಣವೆಂದರೆ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಜಿಗಣೆಯೂ ಬಿಡುವುದಿಲ್ಲ. ಅದೇ ಹೊತ್ತಿಗೆ ಹಿಮಾಚಲದ ಕಾಂಗ್ರಾ ಜಿಲ್ಲೆಯಲ್ಲಿ ಮಳೆಗಾಲ ಮುಗಿದು ಧೌಲಾಧಾರ್ ಸಾಲು ತೊಳೆದಿಟ್ಟಂತೆ ಕಾಣುತ್ತಿರುತ್ತದೆ. ಆ ಸಾಲಿನ ಮಡಿಲಲ್ಲಿರುವ ಕರೇರಿ ಸರೋವರದ ಎತ್ತರ 2,934 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸಾವಿರ ಮೀಟರ್ ಮೇಲೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅದು ಹೆಪ್ಪುಗಟ್ಟಿರುತ್ತದೆ. ಹಾಗಾಗಿ ಅಕ್ಟೋಬರ್ ಮೊದಲ ವಾರದಿಂದ ನವೆಂಬರ್ ಮೊದಲ ವಾರದವರೆಗಿನ ಒಂದು ತಿಂಗಳೇ ಹದವಾದ ಕಾಲ.

ನಡಿಗೆ ಕಷ್ಟವಲ್ಲ. ಮಲೆನಾಡಿನ ಬೆಟ್ಟ ಹತ್ತಿದ ಕಾಲಿಗೆ ಇದು ದಕ್ಕುತ್ತದೆ. ಸೋಲಿಸುವುದು ಸಂಜೆ ನಾಲ್ಕರಿಂದ ಮರುದಿನ ಬೆಳಿಗ್ಗೆ ಎಂಟರವರೆಗಿನ ಹದಿನಾರು ಗಂಟೆ. ತಯಾರಿಯೆಲ್ಲ ಆ ಹೊತ್ತಿಗಾಗಿಯೇ ಇರಲಿ.

ಚೀಲ

ಇಬ್ಬರು ಹೊರಟರೆ ತಲಾ 45ರಿಂದ 50 ಲೀಟರಿನ ಬೆನ್ನುಚೀಲ ಸಾಕು. ತೂಕ ನಿಮ್ಮ ದೇಹತೂಕದ ಐದನೇ ಒಂದು ಪಾಲು ಮೀರಬಾರದು. ತಳದಲ್ಲಿ ಸ್ಲೀಪಿಂಗ್ ಬ್ಯಾಗ್, ನಡುವೆ ಬೆನ್ನಿಗೆ ಅಂಟಿದಂತೆ ಭಾರದ ವಸ್ತುಗಳು (ಆಹಾರ, ಒಲೆ, ಟೆಂಟ್), ಮೇಲೆ ಜಾಕೆಟ್ ಮತ್ತು ಮಳೆಯಂಗಿ. ಚೀಲದ ಮಳೆಕವಚವನ್ನು ನಂಬಿ ಕೂರಬೇಡಿ. ನೀರು ಬೆನ್ನಿನ ಕಡೆಯಿಂದ ಇಳಿದು ತಳ ಸೇರುತ್ತದೆ, ಅಲ್ಲಿರುವುದು ಸ್ಲೀಪಿಂಗ್ ಬ್ಯಾಗ್. ದಪ್ಪನೆಯ ದೊಡ್ಡ ಕಸದ ಚೀಲವೊಂದನ್ನು ಒಳಗೆ ಹಾಸಿ, ಅದರಲ್ಲಿ ಸಾಮಾನು ತುಂಬಿ ಬಾಯಿ ಮಡಚಿದರೆ ಆ ಚಿಂತೆ ಮುಗಿಯಿತು.

ಅಕ್ಟೋಬರ್ ಕೊನೆಗೆ ರಾತ್ರಿ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಅಂಕಿಗಳಿರುತ್ತವೆ: ಒಂದು ‘ಕಂಫರ್ಟ್’ (ಹಾಯಾಗಿ ಮಲಗಬಹುದಾದ ಚಳಿ), ಇನ್ನೊಂದು ‘ಲಿಮಿಟ್’ (ಮುದುಡಿಕೊಂಡು ಹೇಗೋ ತಡೆಯಬಹುದಾದ ಚಳಿ). ನೋಡಬೇಕಾದದ್ದು ಕಂಫರ್ಟ್, ಅದು ಮೈನಸ್ 5 ಇರಲಿ. ಬಾಡಿಗೆಗೆ ಕೊಡುವವರು ಹೇಳುವುದು ಸಾಮಾನ್ಯವಾಗಿ ಇನ್ನೊಂದನ್ನು! ಅಡಿಯಲ್ಲಿ ಫೋಮ್ ಮ್ಯಾಟ್ ಬೇಕೇಬೇಕು. ಮೈಭಾರಕ್ಕೆ ಬ್ಯಾಗಿನ ಅಡಿಭಾಗ ಚಪ್ಪಟೆಯಾಗುವುದರಿಂದ ನೆಲದ ಚಳಿ ನೇರ ಬೆನ್ನಿಗೆ ಹತ್ತುತ್ತದೆ.

ಜೀನ್ಸ್, ಹತ್ತಿ ಬನಿಯನ್ ಮನೆಯಲ್ಲೇ ಇರಲಿ. ಬೆವರಿಗೆ ನೆಂದ ಹತ್ತಿ ಬೇಗ ಒಣಗುವುದಿಲ್ಲ, ನಿಂತ ಕೂಡಲೇ ಮೈ ಕೊರೆಯುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಫ್ಲೀಸ್, ತಂಗಿದ ಮೇಲೆ ಹಾಕಲು ದಪ್ಪ ಜಾಕೆಟ್, ಟೋಪಿ, ಕೈಗವಸು. ಒಂದು ಜೊತೆ ಉಣ್ಣೆ ಕಾಲುಚೀಲವನ್ನು ಮಲಗಲೆಂದೇ ತೆಗೆದಿಡಿ, ಅದನ್ನು ಹಾಕಿ ನಡೆಯಬೇಡಿ.

ಒಲೆ, ಊಟ

ಗ್ಯಾಸ್ ಕ್ಯಾನಿಸ್ಟರನ್ನು ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ, ಹತ್ತಿರದ ಪಟ್ಟಣವಾದ ಧರ್ಮಶಾಲಾದಲ್ಲೇ ಕೊಳ್ಳಬೇಕು. ನಿಮ್ಮ ಒಲೆ ತಿರುಪಿನದೋ ಬೇರೆ ಬಗೆಯದೋ ನೋಡಿ ಹೊಂದುವುದನ್ನೇ ಕೇಳಿ. ಇಬ್ಬರಿಗೆ ಒಂದು ರಾತ್ರಿಗೆ 230 ಗ್ರಾಮಿನದು ಒಂದು ಧಾರಾಳ. ಬರೀ ಬ್ಯೂಟೇನ್ ಆದರೆ ಬೆಳಿಗ್ಗೆ ಒಲೆ ಉಸಿರುಗಟ್ಟುತ್ತದೆ: ಬ್ಯೂಟೇನ್ ಆವಿಯಾಗುವುದು ಮೈನಸ್ 0.5 ಡಿಗ್ರಿಯಲ್ಲಿ, ಅದಕ್ಕಿಂತ ತಣ್ಣಗಾದರೆ ದ್ರವವಾಗಿಯೇ ಕೂರುತ್ತದೆ. ಐಸೊಬ್ಯೂಟೇನ್–ಪ್ರೊಪೇನ್ ಮಿಶ್ರಣ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಕ್ಯಾನಿಸ್ಟರನ್ನು ಒಲೆಯಿಂದ ಕಳಚಿ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಟೆಂಟಿನೊಳಗೆ ಮಾತ್ರ ಒಲೆ ಹಚ್ಚಲೇಬೇಡಿ; ಉರಿಯುವ ಒಲೆ ಬಿಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಅಷ್ಟು ಎತ್ತರದಲ್ಲಿ ನೀರು ಕುದಿಯುವುದು ಸುಮಾರು 90 ಡಿಗ್ರಿಗೆ. ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ, ಗ್ಯಾಸ್ ಮುಗಿಯುತ್ತದೆ. ಇಲ್ಲಿ ನಮ್ಮ ಅವಲಕ್ಕಿ, ರವೆಯನ್ನು ಮೀರಿಸುವ ಪ್ಯಾಕೆಟ್ ಊಟ ಇನ್ನೂ ಬಂದಿಲ್ಲ. ಮನೆಯಲ್ಲೇ 200 ಗ್ರಾಂ ರವೆ ಹುರಿದು, ಸಾಸಿವೆ, ಕಡಲೆಬೇಳೆ, ಒಣಮೆಣಸು, ಗರಿಗರಿಯಾದ ಕರಿಬೇವಿನ ಒಗ್ಗರಣೆ ಮತ್ತು ಉಪ್ಪು ಬೆರೆಸಿ ಚೀಲಕ್ಕೆ ಹಾಕಿ. ಅದರ ಮೂರರಷ್ಟು ಕುದಿಯುವ ನೀರಿಗೆ ಸುರಿದು, ಮುಚ್ಚಿ ಐದು ನಿಮಿಷ ಬಿಟ್ಟರೆ ಇಬ್ಬರ ರಾತ್ರಿಯೂಟ. ಬೆಳಗಿನ ಉಪಾಹಾರಕ್ಕೆ 200 ಗ್ರಾಂ ಗೊಜ್ಜವಲಕ್ಕಿ, ದಾರಿಗೆ ಕಡಲೆಕಾಯಿ ಚಿಕ್ಕಿ.

ಹತ್ತುವ ದಿನ

ಮೊದಲು ಒಂದು ರಾತ್ರಿ ಧರ್ಮಶಾಲಾದ ಮೇಲ್ಭಾಗದಲ್ಲಿರುವ ಮೆಕ್ಲಿಯೋಡ್‌ಗಂಜ್‌ನಲ್ಲಿ ತಂಗಿ, ಮೈ ಎತ್ತರಕ್ಕೆ ಒಗ್ಗಲಿ. ಹವಾಮಾನ ಎಚ್ಚರಿಕೆ ಇದ್ದಾಗ ಜಿಲ್ಲಾಡಳಿತ ಚಾರಣ ನಿಲ್ಲಿಸುವುದುಂಟು, ಹಿಂದಿನ ದಿನವೇ ವಿಚಾರಿಸಿ. ಘೇರಾ ಎಂಬ ಊರು ದಾಟಿ ಕರೇರಿ ಹಳ್ಳಿಗೆ ವಾಹನದಲ್ಲಿ ಹೋಗಿ, ಎಂಟರೊಳಗೆ ನಡೆಯಲು ತೊಡಗಿ. ದಾರಿ ಬಹುಪಾಲು ನ್ಯುಂಡ್ ಹಳ್ಳದ ಜೊತೆಗೇ ಸಾಗುತ್ತದೆ. ಐದಾರು ಗಂಟೆಯ ಏರು. ಮೊದಲ ಹತ್ತು ನಿಮಿಷ ಸ್ವಲ್ಪ ಚಳಿಯೆನಿಸುವಷ್ಟೇ ಬಟ್ಟೆ ತೊಟ್ಟು ಹೊರಡಿ, ಬೆವರಿ ನೆನೆಯುವುದಕ್ಕಿಂತ ಅದು ವಾಸಿ. ಹಳ್ಳ ದಾಟುವಾಗ ಸೊಂಟದ ಬೆಲ್ಟ್ ಬಿಚ್ಚಿಕೊಳ್ಳಿ. ಜಾರಿ ಬಿದ್ದರೆ ಚೀಲ ಕಳಚಿ ಏಳಬಹುದು.

ತಲೆನೋವಿನ ಜೊತೆಗೆ ವಾಕರಿಕೆ ಬಂದರೆ ಅಲ್ಲಿಂದ ಮುಂದೆ ಹತ್ತಬೇಡಿ. ಹೆಚ್ಚಾದರೆ ಕತ್ತಲಾಗುವ ಮುನ್ನ ಇಳಿಯಿರಿ.

ಟೆಂಟ್ ಎಲ್ಲಿ?

ನೀರಂಚಿನಲ್ಲಿ ಹಾಕಿದರೆ ಫೋಟೊ ಚೆನ್ನಾಗಿ ಬರುತ್ತದೆ, ನಿದ್ದೆ ಬರುವುದಿಲ್ಲ. ತಣ್ಣನೆಯ ಗಾಳಿ ಭಾರ. ರಾತ್ರಿ ಅದು ಇಳಿಜಾರಿನಿಂದ ಜಾರಿ ಬಂದು ತಗ್ಗಿನಲ್ಲಿ, ಅಂದರೆ ಸರೋವರದ ಬಟ್ಟಲಿನಲ್ಲಿ ನಿಲ್ಲುತ್ತದೆ. ನೀರಿನಿಂದ ಕನಿಷ್ಠ 60 ಮೀಟರ್ ದೂರ, ಹತ್ತಿಪ್ಪತ್ತು ಅಡಿ ಎತ್ತರದ ಸಮತಟ್ಟು ಹುಡುಕಿ. ಬೆಳಗಿನ ಬಿಸಿಲು ಮೊದಲು ಬೀಳುವ ಕಡೆಯಾದರೆ ಇನ್ನೂ ಒಳ್ಳೆಯದು. ಚಳಿಗೆ ಹೆದರಿ ಕಿಂಡಿಗಳನ್ನೆಲ್ಲ ಮುಚ್ಚಿದರೆ ಇಬ್ಬರ ಉಸಿರಿನ ತೇವ ಟೆಂಟಿನ ಬಟ್ಟೆಯ ಒಳಮೈಗೆ ಹನಿಗಟ್ಟಿ ನಸುಕಿಗೆ ಮುಖದ ಮೇಲೆ ಉದುರುತ್ತದೆ. ಮೇಲಿನ ಕಿಂಡಿ ಒಂದು ಗೇಣು ತೆರೆದಿರಲಿ.

ಸೂರ್ಯ ಆರರೊಳಗೆ ಮುಳುಗುತ್ತಾನೆ. ಬೆಳಕಿರುವಾಗಲೇ ಉಂಡು, ಒಣ ಬಟ್ಟೆ ತೊಡಿ. ಸರೋವರದ ತಳದ ಕಲ್ಲು ಕಾಣುವಷ್ಟು ನೀರು ತಿಳಿಯಾಗಿದ್ದರೂ ಸುತ್ತ ಕುರಿ ಮೇಯುವ ಜಾಗ ಅದು. ಮೂರು ನಿಮಿಷ ಕುದಿಸಿಯೇ ಕುಡಿಯಿರಿ. ಕುದಿಸಿದ ನೀರನ್ನು ಗಟ್ಟಿ ಬಾಟಲಿಗೆ ತುಂಬಿ ಕಾಲುಚೀಲದಲ್ಲಿ ತೂರಿಸಿ ಕಾಲಬಳಿ ಇಟ್ಟರೆ ನಡುರಾತ್ರಿಯವರೆಗೆ ಬಿಸಿ. ಹೊರಗಿಡುವ ಬಾಟಲಿಯನ್ನು ತಲೆಕೆಳಗಾಗಿಸಿ; ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬೆಳಿಗ್ಗೆ ಬಾಯಿ ತೆರೆದುಕೊಳ್ಳುತ್ತದೆ. ಫೋನ್, ಪವರ್ ಬ್ಯಾಂಕ್, ನೀರಿನ ಫಿಲ್ಟರ್ ಮೂರೂ ಸ್ಲೀಪಿಂಗ್ ಬ್ಯಾಗಿನೊಳಗೆ. ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳಿರುತ್ತವೆ, ಹೊರಗಿನಿಂದ ಗೊತ್ತಾಗುವುದಿಲ್ಲ.

ದಡದ ದಿಬ್ಬದ ಮೇಲೆ ಶಿವನ ಗುಡಿಯಿದೆ. ನೀರಿಗೆ ಸೋಪು, ಎಂಜಲು ಪಾತ್ರೆ ಇಳಿಸಬೇಡಿ. ಬಹಿರ್ದೆಸೆಗೆ ನೀರಿನಿಂದ 60 ಮೀಟರ್ ಆಚೆ, ಒಂದು ಗೇಣು ಆಳದ ಗುಂಡಿ.

ಇಳಿಯುವಾಗ

ಬೆಳಿಗ್ಗೆ ಹಳ್ಳದ ಕಲ್ಲುಗಳ ಮೇಲೆ ಗಾಜಿನಂತಹ ತೆಳು ಮಂಜುಗಡ್ಡೆ ಕಟ್ಟಿರಬಹುದು. ಬಿಸಿಲು ತಾಗಿದ ಮೇಲೆ ಹೊರಡಿ. ಶೂ ದಾರವನ್ನು ಕಣಕಾಲಿನ ಬಳಿ ಬಿಗಿ ಮಾಡಿ, ಇಲ್ಲವಾದರೆ ಪಾದ ಮುಂದೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಈ ದಿನಗಳಲ್ಲಿ ಗದ್ದಿ ಕುರಿಗಾಹಿಗಳು ಮೇಲಿನ ಹುಲ್ಲುಗಾವಲುಗಳಿಂದ ಕೆಳಗಿಳಿಯುತ್ತಿರುತ್ತಾರೆ. ಹಿಂಡು ಎದುರಾದರೆ ಕಣಿವೆಯ ಅಂಚಿಗೆ ಸರಿಯಬೇಡಿ, ಬೆಟ್ಟದ ಬದಿಗೆ ಒರಗಿ ನಿಲ್ಲಿ. ಕೊನೆಯ ಕುರಿ ದಾಟಿತೆಂದು ಕೂಡಲೇ ಕದಲಬೇಡಿ; ಹಿಂದೆ ನಾಯಿ ಬರುತ್ತಿರುತ್ತದೆ.